ಹೆಬ್ಬೆರಳಿನ ಗುರುತು

ಹದಿನಾಲ್ಕನೆಯ ಬೀರುವಿನ ಬೀಗ ಎಂದಿನಂತೆ ಕೀಲಿಯ ಒಂದೇ ಸುತ್ತಿಗೆ ತೆರೆದುಕೊಂಡಿತು. ತೆರೆಯದೆ ಸತಾಯಿಸಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿದ್ದು ಇದೇ ಮೊದಲು. ಮ್ಯೂಸಿಯಂನ ಎರಡನೆಯ ಮಹಡಿಯ ಈ ಉದ್ದನೆಯ ಕೋಣೆಯಲ್ಲಿ ನಲವತ್ತು ಬೀರುಗಳು, ಒಂದೊಂದರಲ್ಲಿ ಇಪ್ಪತ್ತು ಖಾನೆಗಳು, ಒಂದೊಂದು ಖಾನೆಯಲ್ಲೂ ನೂರಕ್ಕೆ ಕಡಿಮೆಯಿಲ್ಲದಷ್ಟು ಚಿಟ್ಟೆಗಳು, ಸೂಜಿ ಚುಚ್ಚಿಸಿಕೊಂಡು, ರೆಕ್ಕೆ ಬಿಚ್ಚಿಕೊಂಡು, ಸಾಲಾಗಿ ನಿಂತಿದ್ದವು. ಕಣ್ಣು ಕಟ್ಟಿ ಬಿಟ್ಟರೂ ಬೇಕಾದ ಖಾನೆಯ ಮುಂದೆ ಹೋಗಿ ನಿಲ್ಲಬಲ್ಲೆ ಎಂದು ಅವಳು ಹೇಳುತ್ತಿದ್ದುದು ಬರೀ ಜಂಬಕ್ಕಲ್ಲ. ಒಮ್ಮೆ ಕರೆಂಟು ಹೋದಾಗ ಹಾಗೆ ಮಾಡಿಯೂ ತೋರಿಸಿದ್ದಳು. ಎಲ್ಲೆಲ್ಲಿಂದಲೋ ಜನ ಫೋನಿಗೆ ಚಿಟ್ಟೆಯ ಫೋಟೋ ಕಳಿಸುತ್ತಿದ್ದರು. ಕೈಯಲ್ಲಿರುವ ಟೀ ಲೋಟ ಕೆಳಗಿಡದೆ, ಎಡಗೈ ಬೆರಳಿನಲ್ಲೇ ಹೆಸರು ಒತ್ತಿ ಮರುನಿಮಿಷಕ್ಕೆ ಉತ್ತರ ಕೊಡುತ್ತಿದ್ದಳು. ಜೊತೆಯಲ್ಲಿ ಕೆಲಸ ಮಾಡುವವರು ಬೆನ್ನ ಹಿಂದೆ ಅವಳನ್ನು ಡಿಕ್ಷನರಿ ಎನ್ನುತ್ತಿದ್ದರು. ಅದು ಅವಳ ಕಿವಿಗೆ ಬಿದ್ದಿತ್ತು, ಹಿತವಾಗಿಯೇ ಇತ್ತು. ಗೊತ್ತಿಲ್ಲ ಎನ್ನುವ ಮಾತು ನಿಮ್ಮ ಬಾಯಿಂದ ಕೊನೆಯ ಸಲ ಬಂದದ್ದು ಯಾವಾಗ ಎಂದು ಯಾರಾದರೂ ಕೇಳಿದ್ದರೆ, ಅದೊಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಅಂಥವಳಿಗೆ ಶನಿವಾರದಿಂದ ನಿದ್ದೆ ಸರಿಯಾಗಿ ಹತ್ತಿರಲಿಲ್ಲ. ಶನಿವಾರ ಬೆಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಚಿಟ್ಟೆ ಎಣಿಕೆ. ಅವಳು ಮುಂದೆ ನಡೆಯುತ್ತ ಹೆಸರು ಹೇಳುವುದು, ಜೊತೆಗಿದ್ದ ಜೀರುಂಡೆಯವರು ಪಟ್ಟಿಯಲ್ಲಿ ಗೀಟು ಎಳೆಯುವುದು. ಮ್ಯೂಸಿಯಂನ ಜೀರುಂಡೆ ವಿಭಾಗ ನೋಡಿಕೊಳ್ಳುವ ಅವರನ್ನು ಎಲ್ಲರೂ ಜೀರುಂಡೆಯವರು ಎಂದೇ ಕರೆಯುತ್ತಿದ್ದರು, ಎದುರಿಗೂ ಹಾಗೆಯೇ. ನಾಲ್ಕು ತಾಸು ಹತ್ತಿ ಬಂದ ಮೇಲೆ ಸಿಗುವ ಆ ಬಯಲಿನಲ್ಲಿ ಹೆಜ್ಜೆಗೊಂದು ಹುಲ್ಲುಗಂದು ಏಳುತ್ತಿತ್ತು. ಹುಲ್ಲಿನ ನಡುವೆ ಹಾರುವ ಕಂದು ಬಣ್ಣದ ಸಾದಾ ಚಿಟ್ಟೆ, ಯಾರೂ ಎರಡನೆಯ ಸಲ ತಿರುಗಿ ನೋಡದ್ದು. ಹುಲ್ಲುಗಂದು, ಇನ್ನೊಂದು ಹುಲ್ಲುಗಂದು, ಮತ್ತೊಂದು, ಎನ್ನುತ್ತ ಬೇಸರದಿಂದ ನಡೆಯುತ್ತಿದ್ದಾಗ, ಮೊಣಕಾಲೆತ್ತರದ ಒಂದು ಕಡ್ಡಿಯ ಮೇಲೆ ಅದು ಬಂದು ಕೂತಿತು. ಕೂತದ್ದು ಸುಮ್ಮನಿರಲಿಲ್ಲ. ಮಲಗುವ ಮೊದಲು ನಾಯಿ ತನ್ನ ಜಾಗದಲ್ಲಿ ಸುತ್ತುವ ಹಾಗೆ ಒಂದು ಪೂರ್ತಿ ಸುತ್ತು ತಿರುಗಿತು, ಆಮೇಲೆ ರೆಕ್ಕೆ ಮುಚ್ಚಿತು. ಮುಚ್ಚಿದ ರೆಕ್ಕೆಯ ಅಂಚಿಗೆ, ಚಿಟ್ಟೆಯನ್ನು ಹಿಡಿಯುವವರು ಸರಿಯಾಗಿ ಬೆರಳಿಡುವ ಜಾಗದಲ್ಲೇ, ಮಾಸಲು ಬಿಳಿಯ ಮೊಟ್ಟೆಯಾಕಾರದ ಒಂದು ಮಚ್ಚೆ.

"ಯಾವುದು ಮೇಡಂ ಅದು?" ಎಂದರು ಜೀರುಂಡೆಯವರು.

"ಹುಲ್ಲುಗಂದು. ಹಿಡಿಯೋವಾಗ ಯಾರೋ ಉಜ್ಜಿಬಿಟ್ಟಿದ್ದಾರೆ."

ಅವರು ಗೀಟು ಎಳೆದರು. ನಾಲ್ಕು ತಾಸು ಹತ್ತಿ ಬಂದು ಈ ಸಾದಾ ಚಿಟ್ಟೆಯನ್ನು ಹಿಡಿದು ಬಿಟ್ಟು ಹೋಗುವ ಪುಣ್ಯಾತ್ಮ ಯಾರು ಎಂದು ಅವರು ಕೇಳಲಿಲ್ಲ. ಡಿಕ್ಷನರಿಯನ್ನು ಯಾರು ಪ್ರಶ್ನೆ ಕೇಳುತ್ತಾರೆ? ಚಿಟ್ಟೆ ಎದ್ದು ಇಳಿಜಾರಿನ ಕಡೆ ಹಾರಿತು, ಅಲ್ಲಿ ದೊಡ್ಡ ವಿದ್ಯುತ್ ಲೈನಿನ ಟವರುಗಳು ಕಾಲು ಅಗಲಿಸಿ ನಿಂತಿದ್ದವು. ಅವಳು ಬಿಸಿಲಿನಲ್ಲಿ ನಿಂತೇ ಇದ್ದಳು. ಅವಳನ್ನು ಅಲ್ಲಾಡಿಸಿದ್ದು ಚಿಟ್ಟೆಗಿಂತ ಹೆಚ್ಚಾಗಿ ತನ್ನ ಬಾಯಿಂದ ಬಂದ ಆ ಮಾತು. ಯೋಚಿಸುವ ಮೊದಲೇ, ಇಷ್ಟು ಸಲೀಸಾಗಿ, ಅದೇ ಧಾಟಿಯಲ್ಲಿ ಅದು ಬಂದಿತ್ತು. ಹದಿನೆಂಟು ವರ್ಷದ ಹಿಂದೆ ಇದೇ ಮಾತನ್ನು ಅಣ್ಣನಿಗೆ ಹೇಳಿದ್ದಳು.

ಅಂದು ಅಣ್ಣ ಮ್ಯೂಸಿಯಂನ ಈ ಕೋಣೆಯ ಬಾಗಿಲಲ್ಲಿ, ಹಳದಿ ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದ. ಬೆಟ್ಟದ ಲೈನು ನೋಡಿಕೊಳ್ಳುವ ಲೈನ್‌ಮನ್. ಎರಡು ದಿನದ ಡ್ಯೂಟಿ ಮುಗಿಸಿ ಮನೆಗೂ ಹೋಗದೆ ನೇರ ಇಲ್ಲಿಗೆ ಬಂದಿದ್ದ. ಅವಳು ಕೆಲಸಕ್ಕೆ ಸೇರಿ ಎಂಟನೆಯ ದಿನ. ಪಕ್ಕದಲ್ಲಿ ಆಗಿನ ಡೈರೆಕ್ಟರು ಕೈಕಟ್ಟಿ ನಿಂತು, ಆಯ್ಕೆ ಮಾಡಿದ್ದು ಸರಿಯೋ ತಪ್ಪೋ ಎಂದು ಅವಳನ್ನು ಅಳೆಯುತ್ತಿದ್ದರು. ಅಣ್ಣ ಹೆಲ್ಮೆಟ್ಟಿನ ಒಳಗಿಂದ ತ್ರಿಕೋನವಾಗಿ ಮಡಿಸಿದ ಒಂದು ಕಾಗದ ತೆಗೆದ. ಡ್ಯೂಟಿ ಪುಸ್ತಕದಿಂದ ಹರಿದ ಹಾಳೆ. ಹಿಡಿದ ಚಿಟ್ಟೆಯನ್ನು ಹಾಗೆ ಮಡಿಸಿಡುವುದನ್ನು ಅವಳೇ ಮನೆಯಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಅವನಿಗೆ ಕಲಿಸಿದ್ದಳು. "ಇಪ್ಪತ್ತೇಳನೇ ಟವರ್ ಕೆಳಗೆ ಸಿಕ್ತು ಕಣೇ. ಇಷ್ಟು ವರ್ಷದಲ್ಲಿ ಇಂಥದ್ದು ನೋಡೇ ಇಲ್ಲ. ಕೂತ್ಕೊಂಡ ಮೇಲೆ ಒಂದು ಸುತ್ತು ತಿರುಗುತ್ತೆ, ಆಮೇಲೆ ರೆಕ್ಕೆ ಮುಚ್ಚುತ್ತೆ," ಎಂದ, ಡೈರೆಕ್ಟರ ಕಡೆ ಅರ್ಧ ನೋಡುತ್ತ, ತಂಗಿಯ ಕಡೆ ಪೂರ್ತಿ ನೋಡುತ್ತ. ಅವಳಿಗೆ ನಾಚಿಕೆಯಾಯಿತು. ಅವನ ಬೂಟಿನ ಕೆಸರಿಗೆ, ‘ಕಣೇ’ಗೆ, ಹೆಲ್ಮೆಟ್ಟಿನಿಂದ ಬರುತ್ತಿದ್ದ ಬೆವರಿನ ವಾಸನೆಗೆ. "ನಡತೆ ನೋಡಿ ಸರ್ಟಿಫಿಕೇಟು ಕೊಡೋದು ಸ್ಕೂಲಲ್ಲಿ ಅಣ್ಣ, ಇಲ್ಲಲ್ಲ," ಎಂದಳು. ಡೈರೆಕ್ಟರು ನಕ್ಕರು. ಆ ನಗು ಬೆನ್ನು ತಟ್ಟಿದ ಹಾಗಾಗಿ ಅವಳು ಇನ್ನಷ್ಟು ಚುರುಕಾದಳು. ಕಾಗದ ಬಿಚ್ಚಿ, ಕುತ್ತಿಗೆಯನ್ನೂ ಬಗ್ಗಿಸದೆ ತೀರ್ಪು ಕೊಟ್ಟಳು: "ಹುಲ್ಲುಗಂದು. ಹಿಡಿಯೋವಾಗ ಉಜ್ಜಿಬಿಟ್ಟಿದ್ದೀಯ. ನೋಡು, ಇದು ನಿನ್ನ ಹೆಬ್ಬೆರಳಿನ ಗುರುತು."

"ತಂದವರು ಸಹಿ ಹಾಕಿಯೇ ತಂದಿದ್ದಾರೆ ಅನ್ನಿ," ಎಂದರು ಡೈರೆಕ್ಟರು.

ಅಣ್ಣ ತನ್ನ ಬಲಗೈ ಹೆಬ್ಬೆರಳನ್ನು ಎತ್ತಿ ಹಿಂದೆ ಮುಂದೆ ನೋಡಿಕೊಂಡ. ಆಮೇಲೆ ಅದನ್ನು ಪ್ಯಾಂಟಿಗೆ ನಿಧಾನವಾಗಿ ಒರೆಸಿಕೊಂಡ. "ಹೌದೇನೋ," ಎಂದು ತಾನೂ ನಕ್ಕ. "ಟೀ ಕುಡಿದ್ಯಾ?" ಎಂದು ಕೇಳಿದ, ಅವಳು ಆಮೇಲೆ ಆಮೇಲೆ ಎಂದು ಕೈಯಾಡಿಸಿದಳು. ಅವನು ಮೆಟ್ಟಿಲಿಳಿದು ಹೋದ. ಆಮೇಲೆ ಯಾವತ್ತೂ ಚಿಟ್ಟೆ ತರಲಿಲ್ಲ.

ಅದು ಜಗಳವಾಗಿದ್ದರೆ ಎಷ್ಟೋ ವಾಸಿಯಿತ್ತು. ಆಗಲೇ ಇಲ್ಲ. ಅಣ್ಣ ವಾರಕ್ಕೊಮ್ಮೆ ಅತ್ತಿಗೆಯ ಜೊತೆ ಮನೆಗೆ ಬರುತ್ತಿದ್ದ, ಉಂಡು ಹರಟೆ ಹೊಡೆಯುತ್ತಿದ್ದ, ಕೆಟ್ಟ ಸ್ವಿಚ್ಚು ರಿಪೇರಿ ಮಾಡಿ ಹೋಗುತ್ತಿದ್ದ. ಆದರೆ ಅವಳ ಮೇಜಿನ ಮೇಲಿನ ಪುಸ್ತಕ ಮುಟ್ಟುವ ಮೊದಲು ಬಲಗೈಯನ್ನು ಶರಟಿಗೆ ಒರೆಸಿಕೊಳ್ಳುತ್ತಿದ್ದ. ಅವಳು ಭೂತಗನ್ನಡಿ ಕೊಟ್ಟರೂ ಅಷ್ಟೇ, ಕ್ಯಾಮರಾ ಕೊಟ್ಟರೂ ಅಷ್ಟೇ. "ತಂಗಿ ಮನೆಗೆ ಬಂದಾಗ ಮಾತ್ರ ಇವರಿಗೆ ಶುಚಿತ್ವ ನೆನಪಾಗೋದು ನೋಡು, ನನ್ನ ಸೀರೆಗೆ ಎಷ್ಟು ಸಲ ಗ್ರೀಸು ಮೆತ್ತಿದ್ದಾರೆ," ಎಂದು ಅತ್ತಿಗೆ ಹಂಗಿಸುತ್ತಿದ್ದಳು, ಇವಳೂ ನಗುತ್ತಿದ್ದಳು. ಹದಿನೆಂಟು ವರ್ಷ ನಕ್ಕಿದ್ದಳು. ಚಿಟ್ಟೆ ಎಂದರೇನು ಎಂದು ಅವಳಿಗೆ ತೋರಿಸಿದವನೇ ಅವನು. ಮನೆಯ ಹಿಂದಿನ ಪಾಳು ಜಾಗದಲ್ಲಿ ಬೋರಲು ಮಲಗಿಸಿ, ಉಸಿರು ಬಿಡಬೇಡ ಎಂದು ಗದರಿ, ಒಂದೊಂದನ್ನೂ ತೋರಿಸುತ್ತಿದ್ದ. ಪುಸ್ತಕದ ಹೆಸರು ಒಂದೂ ಅವನಿಗೆ ಬರುತ್ತಿರಲಿಲ್ಲ. ಸೋಮಾರಿ, ಜಗಳಗಂಟಿ, ಅಂಚೆಯವನು ಎಂದು ತನ್ನದೇ ಹೆಸರುಗಳು, ಎಲ್ಲ ನಡತೆ ನೋಡಿಯೇ ಇಟ್ಟದ್ದು. ಜಗಳಗಂಟಿ ಎಂದರೆ ಯಾವುದು ಎಂದು ಅವಳಿಗೆ ಈಗಲೂ ರೆಕ್ಕೆ ನೋಡದೆಯೇ ಗೊತ್ತಾಗುತ್ತದೆ. ಇದನ್ನು ಅವಳು ಯಾವ ಭಾಷಣದಲ್ಲೂ ಹೇಳಿಲ್ಲ.

ಈಗ ಆ ಬೀರುವಿನ ಏಳನೆಯ ಖಾನೆ ಎಳೆದಳು. ನುಸಿಗುಳಿಗೆಯ ಘಾಟು ಮೂಗಿಗೆ ಹೊಡೆಯಿತು. ಹುಲ್ಲುಗಂದುಗಳ ಹನ್ನೊಂದು ಸಾಲು. ಕೊನೆಯ ಸಾಲಿನ ಮೂಲೆಯಲ್ಲಿ ಅದು, ಅಂದು ಅಣ್ಣ ತಂದದ್ದು. ನಿನ್ನೆ ಭಾನುವಾರವಿಡೀ ಮನೆಯಲ್ಲಿದ್ದ ನಾಲ್ಕು ದೊಡ್ಡ ಪುಸ್ತಕಗಳನ್ನು ಮಗುಚಿ ಹಾಕಿದ್ದಳು. ಬಿಳಿ ಮಚ್ಚೆಯ ಕಂದು ಚಿಟ್ಟೆ ಯಾವುದರಲ್ಲೂ ಇರಲಿಲ್ಲ. ಸೂಜಿಯನ್ನು ಚಿಮುಟದಲ್ಲಿ ಹಿಡಿದು ಎತ್ತಿ, ತಲೆಕೆಳಗು ಮಾಡಿ, ರೆಕ್ಕೆಯ ಅಡಿಮೈಗೆ ದೀಪ ತಿರುಗಿಸಿ, ಭೂತಗನ್ನಡಿ ಇಟ್ಟಳು. ಎಂಟನೆಯ ದಿನ ಮಾಡಬೇಕಾಗಿದ್ದ ಕೆಲಸ ಇಷ್ಟೇ, ಅರ್ಧ ನಿಮಿಷದ್ದು. ಬೆರಳು ಉಜ್ಜಿದ ರೆಕ್ಕೆಯಲ್ಲಿ ಪುಡಿ ಉದುರಿ ಬರೀ ಪೊರೆ ಉಳಿದಿರುತ್ತದೆ, ಬೆಳಕು ಆ ಕಡೆಯಿಂದ ಈ ಕಡೆಗೆ ಬರುತ್ತದೆ. ಇಲ್ಲಿ ಹಾಗಿರಲಿಲ್ಲ. ಪುಡಿಯಂತೆ ಕಾಣುವ ಬಿಳಿಯ ಹುರುಪೆಗಳು ಹೆಂಚು ಹೊದಿಸಿದ ಹಾಗೆ ಸಾಲುಸಾಲಾಗಿ ಕೂತಿದ್ದವು, ಒಂದೂ ಜರುಗಿರಲಿಲ್ಲ. ಎಡ ರೆಕ್ಕೆಯಲ್ಲೂ ಬಲ ರೆಕ್ಕೆಯಲ್ಲೂ ಅಳೆದು ಬರೆದಂತೆ ಒಂದೇ ಆಕಾರ, ಒಂದೇ ಗಾತ್ರ. ಯಾವ ಮನುಷ್ಯನ ಹೆಬ್ಬೆರಳೂ ತೋರುಬೆರಳೂ ಅಳತೆಯಲ್ಲಿ ಒಂದೇ ಆಗಿರುತ್ತವೆ? ಇದು ಹುಟ್ಟಿನಿಂದ ಬಂದ ಗುರುತು. ಯಾರ ಬೆರಳಿನದೂ ಅಲ್ಲ. ಇದು ಹುಲ್ಲುಗಂದು ಅಲ್ಲ, ಇನ್ನೊಂದು ಜಾತಿ, ಬಹುಶಃ ಯಾರೂ ಇನ್ನೂ ಹೆಸರಿಡದ್ದು. ಈ ವಿಷಯದಲ್ಲಿ ಅವಳಿಗೆ ಕೂದಲೆಳೆಯಷ್ಟೂ ಸಂಶಯವಿರಲಿಲ್ಲ. ತನ್ನ ತಪ್ಪನ್ನು ಹಿಡಿದದ್ದರಲ್ಲೂ ಒಂದು ಗತ್ತು ತನ್ನೊಳಗೆ ತಲೆಯೆತ್ತುತ್ತಿರುವುದು ಅರಿವಾಗಿ ಅವಳಿಗೆ ಹೇಸಿಗೆಯಾಯಿತು.

ಸೂಜಿಯಲ್ಲಿ ಚಿಟ್ಟೆಯ ಕೆಳಗೆ ಎರಡು ಚೀಟಿಗಳಿದ್ದವು. ಮೊದಲನೆಯದು ಸಿಕ್ಕ ಜಾಗ, ದಿನ, ಹಿಡಿದವರ ಹೆಸರು. ಇಪ್ಪತ್ತೇಳನೆಯ ಟವರ್ ಕೆಳಗೆ, ಅಣ್ಣನ ಹೆಸರು. ಎರಡನೆಯದು ಅವಳದು: ‘ಹುಲ್ಲುಗಂದು. ಉಜ್ಜಿದ ಮಾದರಿ,’ ಕೆಳಗೆ ಅವಳ ಸಹಿ, ಆಗಿನ್ನೂ ಬಾಲ ಉದ್ದವಾಗಿ ಎಳೆಯುತ್ತಿದ್ದ ಸಹಿ. ಮ್ಯೂಸಿಯಂನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಒಮ್ಮೆ ಸೂಜಿಗೆ ಹತ್ತಿದ ಚೀಟಿಯನ್ನು ಯಾರೂ ತೆಗೆಯುವ ಹಾಗಿಲ್ಲ. ಹೆಸರು ತಪ್ಪೆಂದು ಗೊತ್ತಾದರೆ ಹೊಸ ಚೀಟಿ ಬರೆದು ಅದೇ ಸೂಜಿಗೆ, ಹಳೆಯದರ ಕೆಳಗೆ ಚುಚ್ಚಬೇಕು. ಯಾರು ಯಾವಾಗ ಎಡವಿದರು ಎಂಬುದು ಸೂಜಿಯ ಮೇಲೆ ಉಳಿಯಬೇಕು. ಹೊಸ ಹುಡುಗರಿಗೆ ಈ ಪಾಠವನ್ನು ಅವಳೇ ಕೋಲು ಹಿಡಿಯದ ಮೇಷ್ಟ್ರಂತೆ ಹೇಳಿಕೊಡುತ್ತಿದ್ದಳು. ಈ ಚಿಟ್ಟೆ ನಿಜಕ್ಕೂ ಹೊಸ ಜಾತಿಯಾದರೆ ಇದೇ ಅದರ ಮೊದಲ ಮಾದರಿ. ಎಲ್ಲೆಲ್ಲಿಯ ಪಂಡಿತರೂ ಇದನ್ನೇ ತರಿಸಿ ನೋಡುತ್ತಾರೆ, ನೂರು ವರ್ಷದ ಮೇಲೂ ನೋಡುತ್ತಾರೆ. ನೋಡಿದವರೆಲ್ಲ ಮೊದಲು ಓದುವುದು ಇದನ್ನು. ಉಜ್ಜಿದ ಮಾದರಿ. ಬಾಲ ಉದ್ದದ ಸಹಿ. ಕೋಣೆಯಲ್ಲಿ ಯಾರೂ ಇರಲಿಲ್ಲ. ರಿಜಿಸ್ಟರಿನಲ್ಲಿ ಇರುವುದು ಬರೀ ನಂಬರು. ಅವಳ ಚಿಮುಟ ತನ್ನಷ್ಟಕ್ಕೆ ತಾನೇ ಎಂಬಂತೆ ಕೆಳಗಿನ ಚೀಟಿಯ ಅಂಚು ಕಚ್ಚಿತು, ಎಳೆಯಿತು. ಬೆರಳಿನ ಉಗುರಿಗಿಂತ ಚಿಕ್ಕ ಕಾಗದ, ನಡುವೆ ಒಂದು ತೂತು. ಕಸದ ಬುಟ್ಟಿಗೂ ಗೊತ್ತಾಗುವುದಿಲ್ಲ.

ಅಷ್ಟರಲ್ಲಿ ಬಾಗಿಲು ಸದ್ದಾಯಿತು. ಅವಳು ಅಂಗೈ ಮುಚ್ಚಿಕೊಂಡಳು. ಜೀರುಂಡೆಯವರು ಎಣಿಕೆಯ ಪಟ್ಟಿ ಹಿಡಿದು ಬಂದಿದ್ದರು. ಮಧ್ಯಾಹ್ನದ ಒಳಗೆ ಸಹಿಯಾಗಿ ಮೇಲೆ ಹೋಗಬೇಕಂತೆ.

"ಮೂವತ್ತೊಂದು ಹುಲ್ಲುಗಂದು. ಇಲ್ಲೊಂದು ಸಹಿ ಎಸೆದುಬಿಡಿ ಮೇಡಂ."

ಅವಳು ಪೆನ್ನಿಗೆ ಕೈ ಚಾಚಿದಳು. ಬೆವೆತ ಅಂಗೈಗೆ ಚೀಟಿ ಅಂಟಿಕೊಂಡಿತ್ತು. ಅವರಿಗೆ ಅದು ಕಂಡಿತು. ಮೇಜಿನ ಮೇಲಿದ್ದ ಚಿಟ್ಟೆಯೂ, ಒಂದೇ ಚೀಟಿ ಉಳಿದಿದ್ದ ಸೂಜಿಯೂ ಕಂಡವು. ಮೂವತ್ತು ವರ್ಷ ಸೂಜಿ ಹಿಡಿದ ಮನುಷ್ಯ. ಏನು ನಡೆದಿದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಕಿಟಕಿಯ ಕಡೆ ನೋಡುತ್ತ, "ಚೀಟಿ ಬಿದ್ದುಹೋಯ್ತಾ?" ಎಂದು ಕೇಳಿದರು. ಹೂಂ ಎಂದರೆ ಮುಗಿಯುತ್ತಿತ್ತು. ಆ ಹೂಂ ಅನ್ನು ಅವರು ತಾವೇ ತಟ್ಟೆಯಲ್ಲಿಟ್ಟು ಮುಂದಕ್ಕೆ ತಳ್ಳಿದ್ದರು. ಅವಳಿಗೆ ಇದ್ದಕ್ಕಿದ್ದಂತೆ ಪ್ಯಾಂಟಿಗೆ ಉಜ್ಜುತ್ತಿರುವ ಒಂದು ಹೆಬ್ಬೆರಳು ಕಂಡಿತು.

"ಬೀಳಲಿಲ್ಲ. ನಾನೇ ಕಿತ್ತೆ."

ಅವಳು ಪಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು.

"ಮತ್ತೆ ಅದು ಮೂವತ್ತೊಂದಲ್ಲ, ಮೂವತ್ತು. ಆ ಕಡ್ಡಿ ಮೇಲೆ ಕೂತಿತ್ತಲ್ಲ, ಅದು ಬೇರೆ. ನಿಮ್ಮ ಹತ್ರ ಸುಳ್ಳು ಹೇಳ್ದೆ."

"ಬೇರೆ ಅಂದ್ರೆ ಯಾವುದು?"

"ಬಂದು ಹೇಳ್ತೀನಿ," ಎಂದಳು. ಅವಳು ಮೂವತ್ತೊಂದನ್ನು ಹೊಡೆದು ಮೂವತ್ತು ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದಳು. ಜೀರುಂಡೆಯವರು ಪಟ್ಟಿ ತೆಗೆದುಕೊಂಡು ಬಾಗಿಲ ತನಕ ಹೋದವರು ತಿರುಗಿ, "ಅದೇ ತೂತಿಗೆ ಹಾಕಿ ಮೇಡಂ, ಇನ್ನೊಂದು ತೂತು ಮಾಡಬೇಡಿ," ಎಂದು ಹೇಳಿ ಹೋದರು. ಅವಳು ಕಿತ್ತ ಚೀಟಿಯನ್ನು ಅದೇ ತೂತಿನಲ್ಲಿ ಸೂಜಿಗೆ ಮತ್ತೆ ಏರಿಸಿದಳು.

ಅಣ್ಣ ಕೆಲಸ ಮಾಡುವ ಶೆಡ್ಡು ಹತ್ತು ನಿಮಿಷದ ದಾರಿ. ಅವನೀಗ ಫೋರ್‌ಮನ್, ಕಂಬ ಹತ್ತುವುದಿಲ್ಲ, ಹತ್ತಿಸುತ್ತಾನೆ. ಬೆಂಡಿನ ತಳದ ಪುಟ್ಟ ಪೆಟ್ಟಿಗೆಯಲ್ಲಿ ಚಿಟ್ಟೆಯನ್ನು ಚುಚ್ಚಿಕೊಂಡು, ಖಾಲಿ ಚೀಟಿಗಳನ್ನೂ ಸಣ್ಣ ಮೊನೆಯ ಪೆನ್ನನ್ನೂ ಚೀಲಕ್ಕೆ ಹಾಕಿಕೊಂಡು, ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದು ರಸ್ತೆ ದಾಟುವಾಗ ಏನು ಹೇಳಬೇಕೆಂದು ಅವಳು ಜೋಡಿಸಿಕೊಳ್ಳುತ್ತಿದ್ದಳು. ಯಾವ ಸಭೆಯಲ್ಲೂ ತಡವರಿಸದವಳು ಮೂರು ಸಲ ಮೊದಲಿನಿಂದ ಶುರು ಮಾಡಿದಳು. ಹದಿನೆಂಟು ವರ್ಷದಲ್ಲಿ ಅವನ ಶೆಡ್ಡಿಗೆ ಒಂದು ಸಲವೂ ಬಂದಿಲ್ಲ ಎಂಬುದು ಗೇಟಿನ ಮುಂದೆ ನಿಂತಾಗಲೇ ಹೊಳೆದದ್ದು. ಒಳಗೆ ಉರುಳೆ ಉರುಳೆ ತಂತಿ, ಬಿಚ್ಚಿ ಹಾಕಿದ ಟ್ರಾನ್ಸ್‌ಫಾರ್ಮರು, ಎಣ್ಣೆಯ ವಾಸನೆ. ಮೂಲೆಯ ಬೆಂಚಿನಲ್ಲಿ ಆರೇಳು ಜನ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದರು. ತನ್ನ ಬೆಂಚಿನಲ್ಲಿ ಇನ್ನೂ ಕೆಲಸ ಮಾಡುತ್ತಿದ್ದ ಅಣ್ಣ ಅವಳನ್ನು ನೋಡಿ ಗಾಬರಿಯಿಂದ ಎದ್ದ.

"ಏನಾಯ್ತೇ? ಎಲ್ಲಾ ಸರಿ ತಾನೇ?"

"ಎಲ್ಲಾ ಸರಿ ಇದೆ. ನಿಂಗೊಂದು ತೋರಿಸ್ಬೇಕಿತ್ತು."

ಪೆಟ್ಟಿಗೆ ಚಾಚಿದಳು. ಅವನ ಬಲಗೈ ಶರಟಿನ ಕಡೆ ಹೋಯಿತು.

"ಒರೆಸ್ಕೋಬೇಡ ಅಣ್ಣ," ಎಂದಳು. ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿಗೋ ಹೋಗಿತ್ತು. "ಅದು ನಿನ್ನ ಬೆರಳಿನ ಗುರುತಲ್ಲ. ಅದರ ಗುರುತೇ ಅದು. ನೀನು ಹೇಳಿದ್ದೇ ಸರಿ, ನಾನು ಹೇಳಿದ್ದು ತಪ್ಪು. ಶನಿವಾರ ನೋಡ್ದೆ. ಒಂದು ಸುತ್ತು ತಿರುಗ್ತು."

ಅಣ್ಣ ಪೆಟ್ಟಿಗೆಯ ಗಾಜಿನ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದ. ಆಮೇಲೆ, ಹಳೆಯ ಪರಿಚಯದವರು ಸಿಕ್ಕ ಹಾಗೆ ನಕ್ಕ.

"ನಂಗೊತ್ತು ಕಣೇ. ವರ್ಷಕ್ಕೊಂದು ಸಲ ಲೈನು ನೋಡೋಕೆ ಹೋಗ್ತೀನಲ್ಲ, ಇಪ್ಪತ್ತೇಳರ ಕೆಳಗೆ ಐದಾರು ಇದ್ದೇ ಇರುತ್ತೆ. ಎಲ್ಲಕ್ಕೂ ಇದೆ ಈ ಗುರುತು. ಎಲ್ಲಾದ್ರ ಮೇಲೂ ನಾನೇ ಹೆಬ್ಬೆರಳು ಇಟ್ಟಿದ್ದೀನಾ?"

"ಮತ್ತೆ ಹೇಳ್ಲಿಲ್ಲ ಯಾಕೆ?"

"ಅವತ್ತೇ ಗೊತ್ತಿತ್ತು. ನಾನದನ್ನ ಮುಟ್ಟೇ ಇರ್ಲಿಲ್ಲ. ಊಟದ ಡಬ್ಬಿ ಬೋರಲು ಹಾಕಿ ಹಿಡಿದಿದ್ದು, ಹಾಗೇ ಕಾಗದದೊಳಕ್ಕೆ ಜಾರಿಸಿದ್ದು. ಕೈಗೆ ಗ್ಲೌಸು ಬೇರೆ."

ಅವಳು ಅವನ ಮುಖವನ್ನೇ ನೋಡಿದಳು. "ಅವತ್ತು ಬೆರಳು ನೋಡ್ಕೊಂಡ್ಯಲ್ಲ. ಒರೆಸ್ಕೊಂಡ್ಯಲ್ಲ."

"ಇನ್ನೇನು ಮಾಡ್ಲಿ? ಸಾಹೇಬ್ರು ಪಕ್ಕದಲ್ಲೇ ನಿಂತಿದ್ರು. ಎಂಟು ದಿನದ ಕೆಲಸ ನಿಂದು. ನಾನು ಮುಟ್ಟೇ ಇಲ್ಲ ಅಂದಿದ್ರೆ ಏನಂತಿದ್ದೆ?"

ನಾಚಿಕೆಯಿಂದ ಕೆಳಗಿಳಿದು ಹೋದ ಎಂದುಕೊಂಡಿದ್ದ ಮನುಷ್ಯ ಅವಳ ನಾಚಿಕೆಯನ್ನು ಹೆಲ್ಮೆಟ್ಟಿನ ಜೊತೆಗೇ ಎತ್ತಿಕೊಂಡು ಹೋಗಿದ್ದ.

"ಬೇಜಾರಾಗಿತ್ತು ಮಾತ್ರ," ಎಂದ ಅಣ್ಣ. "ಸುಳ್ಳು ಯಾಕೆ ಹೇಳ್ಲಿ. ಆಮೇಲೆ ನಿನ್ನ ಸಾಮಾನು ಮುಟ್ಟೋಕೇ ಒಂಥರಾ ಹೆದರಿಕೆ ಆಗ್ಹೋಯ್ತು." ಹಾಗೆಂದು ತಾನೇ ಮುಜುಗರಪಟ್ಟುಕೊಂಡು ಗಂಟಲು ಸರಿಮಾಡಿಕೊಂಡ. "ಹೋಗ್ಲಿ ಬಿಡು. ಈಗ ಇದಕ್ಕೆ ಏನು ಹೆಸರು?"

"ಗೊತ್ತಿಲ್ಲ."

ಇಷ್ಟು ಸುಲಭದ ಮಾತು ಇದು ಎಂದು ಅವಳು ಅಂದುಕೊಂಡಿರಲಿಲ್ಲ. ಅಣ್ಣ ಅರೆಗಳಿಗೆ ಅವಳನ್ನೇ ನೋಡಿ, ಊಟಕ್ಕೆ ಕೂತವರ ಕಡೆ ತಿರುಗಿ, ಇಡೀ ಶೆಡ್ಡಿಗೆ ಕೇಳುವ ಹಾಗೆ ಕೂಗಿದ: "ಕೇಳಿಸ್ಕೊಂಡ್ರೇನ್ರೋ! ಡಿಕ್ಷನರಿ ಅಂತಾರಲ್ಲ, ನನ್ನ ತಂಗಿ. ಅವಳಿಗೇ ಗೊತ್ತಿಲ್ವಂತೆ! ನಾನು ಹಿಡಿದಿದ್ದು!" ತುತ್ತು ಕೈಯಲ್ಲಿ ಹಿಡಿದುಕೊಂಡೇ ಎಲ್ಲರೂ ಈ ಕಡೆ ನೋಡಿದರು, ಒಬ್ಬ ಸಿಳ್ಳೆ ಹೊಡೆದ. ಅವಳ ಕಿವಿ ಬಿಸಿಯಾಯಿತು. ಅವಳಿಗೆ ಸಿಕ್ಕ ಯಾವ ಸನ್ಮಾನವೂ ಈ ಸಿಳ್ಳೆಯಷ್ಟು ಖುಷಿ ಕೊಟ್ಟಿರಲಿಲ್ಲ.

ಅವನ ಬೆಂಚಿನ ಮೇಲೆ ಸ್ಕ್ರೂಗಳನ್ನು ಪಕ್ಕಕ್ಕೆ ಸರಿಸಿ, ಹೊಸ ಚೀಟಿ ತೆಗೆದು, ಸಣ್ಣ ಮೊನೆಯ ಪೆನ್ನಿನಲ್ಲಿ ಬರೆದಳು: ‘ಹುಲ್ಲುಗಂದು ಅಲ್ಲ. ಗೊತ್ತಿಲ್ಲ. ಕೂತ ಮೇಲೆ ಒಂದು ಸುತ್ತು ತಿರುಗುತ್ತದೆ.’ ಕೆಳಗೆ ಸಹಿ ಹಾಕಿದಳು. ಅಣ್ಣ ಓದಬೇಕೆಂದು ಕೈ ಚಾಚಿದ. ಕೊಟ್ಟಳು. ಅವನು ಕೈ ಒರೆಸಿಕೊಳ್ಳಲಿಲ್ಲ, ಮರೆತಿದ್ದ. ಬೆಳಕಿಗೆ ಹಿಡಿದು, ಒಂದೊಂದೇ ಪದ ತುಟಿಯಲ್ಲಿ ಆಡಿಕೊಂಡು ಓದಿದ. ವಾಪಸು ಕೊಡುವಾಗ ನೋಡಿದರೆ ಚೀಟಿಯ ಮೂಲೆಯಲ್ಲಿ ಗ್ರೀಸಿನ ಹೆಬ್ಬೆರಳು, ಒಂದು ಗೆರೆಯೂ ಬಿಡದೆ, ಅಚ್ಚಾಗಿ ಮೂಡಿತ್ತು.

"ಅಯ್ಯಯ್ಯೋ. ನಿಜವಾಗ್ಲೂ ಒತ್ತಿಬಿಟ್ನಲ್ಲೇ! ಕೊಡು, ಹರಿದು ಹಾಕ್ತೀನಿ, ಬೇರೆ ಬರಿ."

"ಬರೆದ ಚೀಟಿ ತೆಗೆಯೋ ಹಾಗಿಲ್ಲ ಅಣ್ಣ. ರೂಲ್ಸು."

"ಇನ್ನೂ ಚುಚ್ಚೇ ಇಲ್ವಲ್ಲೇ!"

ಅವಳು ಚಿಟ್ಟೆಯ ಸೂಜಿಯನ್ನು ಚಿಮುಟದಲ್ಲಿ ಎತ್ತಿದಳು. ಗ್ರೀಸಿನ ಗುರುತಿನ ಮೂಲೆ ಹೊರಗೆ ಚಾಚಿ ಕಾಣುವ ಹಾಗೆ ಚೀಟಿಯನ್ನು ತಿರುಗಿಸಿ ಹಿಡಿದು, ತನ್ನ ಹಳೆಯ ಸಹಿಯ ಕೆಳಗೆ ಚುಚ್ಚಿದಳು.